ಮುಖಪುಟ ಕಾಣದ ಓದು

ಮಳವಳ್ಳಿಯಲ್ಲಿ ನಾನು ಹೈಸ್ಕೂಲು ಓದುತ್ತಿದ್ದ ಕಾಲಕ್ಕೆ, ಅಂದರೆ 1980ರ ಆಚೀಚೆ, ಕಾದಂಬರಿ ಬಾಡಿಗೆಗೆ ಸಿಗುತ್ತಿದ್ದುದು ಒಂದು ಸೈಕಲ್ ಶಾಪಿನಲ್ಲಿ. ಸೈಕಲ್ಲಿಗೆ ಗಂಟೆ ಲೆಕ್ಕ, ಕಾದಂಬರಿಗೆ ದಿನದ ಲೆಕ್ಕ. ಎರಡಕ್ಕೂ ಸೇರಿ ಒಂದೇ ಉದ್ದನೆಯ ನೋಟುಬುಕ್ಕು. ಒಂದೇ ಪುಟದ ಮೇಲ್ಗಡೆ ಸೈಕಲ್ ಒಯ್ದವನ ಹೆಸರು, ಕೆಳಗಡೆ ‘ಶರಪಂಜರ’ ಒಯ್ದವಳ ಹೆಸರು. ಪುಸ್ತಕಗಳಿಗೆಲ್ಲ ಖಾಕಿ ರಟ್ಟು, ಬೆನ್ನಿಗೆ ದಪ್ಪ ದಾರದ ಹೊಲಿಗೆ, ಒಳಗೆ ಅಲ್ಲಲ್ಲಿ ಅಂಗಡಿಯ ರಬ್ಬರ್ ಸ್ಟ್ಯಾಂಪು, ಮೇಲಿಂದ ಪಂಕ್ಚರ್ ಸೊಲ್ಯೂಷನ್ನಿನ ವಾಸನೆ. ಇವತ್ತಿಗೂ ಸೈಕಲ್ ರಿಪೇರಿ ಅಂಗಡಿಯ ಮುಂದೆ ಹಾದರೆ ನನಗೆ ತ್ರಿವೇಣಿಯವರ ನೆನಪಾಗುತ್ತದೆ. ಅವರ ಆತ್ಮ ನನ್ನನ್ನು ಕ್ಷಮಿಸಲಿ.

ಅಂಗಡಿಯಾತ ಒಂದು ಕಾದಂಬರಿಯನ್ನೂ ಓದಿದವನಲ್ಲ. ಆದರೂ ಅವನ ವಿಂಗಡಣೆ ಪಕ್ಕಾ ಇತ್ತು. ‘ಅಳೋದು ಬೇಕೇನವ್ವ, ಕೊಲೇದು ಬೇಕಾ?’ ಎಂದು ಕೇಳುತ್ತಿದ್ದ. ಅಳುವ ಸಾಲಿನಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ, ಎಚ್.ಜಿ. ರಾಧಾದೇವಿ. ಕೊಲೆಯ ಸಾಲಿನಲ್ಲಿ ಎನ್. ನರಸಿಂಹಯ್ಯ, ಟಿ.ಕೆ. ರಾಮರಾವ್. ಅ.ನ.ಕೃ., ತ.ರಾ.ಸು. ಅವರದು ಬೇರೆ ಕಟ್ಟು. ಅದು ಅವನ ಬಾಯಲ್ಲಿ ‘ಮೇಷ್ಟ್ರುಗಳ್ದು’. ಮೇಷ್ಟ್ರುಗಳು ಬಾಡಿಗೆ ಬಾಕಿ ಉಳಿಸಿಕೊಳ್ಳುತ್ತಾರೆಂದು ಆ ಕಟ್ಟಿನ ಮೇಲೆ ಅವನಿಗೆ ಅಷ್ಟು ಪ್ರೀತಿಯಿರಲಿಲ್ಲ.

ಆ ಪುಸ್ತಕಗಳ ಅಂಚುಗಳಲ್ಲಿ ಇನ್ನೊಂದು ಸಾಹಿತ್ಯವಿರುತ್ತಿತ್ತು. ‘ನಾನು ಯಾರೆಂದು ತಿಳಿಯಬೇಕಾದರೆ 40ನೇ ಪುಟ ನೋಡಿ’ ಎಂದು ಪೆನ್ಸಿಲಿನಲ್ಲಿ ಬರೆದಿರುವುದು. 40ಕ್ಕೆ ಹೋದರೆ 112 ನೋಡಿ, ಅಲ್ಲಿಗೆ ಹೋದರೆ 7 ನೋಡಿ, ಏಳರಲ್ಲಿ ‘ಕೆಲಸವಿಲ್ಲದ ಕತ್ತೆ’ ಎಂಬ ಬೈಗುಳ. ನಾಯಕಿಯನ್ನು ಬಿಟ್ಟುಹೋದ ನಾಯಕನಿಗೆ ಯಾರೋ ಹೆಣ್ಣುಮಗಳು ನೀಲಿ ಇಂಕಿನಲ್ಲಿ ಹಾಕಿದ ಶಾಪ. ಅದರ ಕೆಳಗೆ ಇನ್ನೊಬ್ಬಳ ಅಕ್ಷರದಲ್ಲಿ ‘ನಿಜ’. ನನಗಿಂತ ಮೊದಲು ಊರಿನ ಯಾರ್ಯಾರೋ ಆ ಪುಟದಲ್ಲಿ ಕೂತು ಎದ್ದು ಹೋಗಿದ್ದಾರೆ ಎಂಬುದು ಗೊತ್ತಾಗುತ್ತಿತ್ತು. ಆ ‘ನಿಜ’ ಬರೆದವಳು ಯಾರಿರಬಹುದು ಎಂದು ನಾನು ನಮ್ಮ ಬೀದಿಯ ಒಬ್ಬೊಬ್ಬ ಸೊಸೆಯ ಮುಖವನ್ನೂ ನೋಡಿ ಅಳೆಯುತ್ತಿದ್ದೆ.

ಸೊಸೆಯರ ಮಾತು ಬಂದದ್ದಕ್ಕೆ ಹೇಳಬೇಕು. ನಾನು ಅವರ ಪುಸ್ತಕ ಸಾಗಿಸುವವಳು. ಮದುವೆಯಾದ ಹೆಂಗಸು ಸೈಕಲ್ ಶಾಪಿನ ಮುಂದೆ ನಿಂತು ಕಾದಂಬರಿ ಆರಿಸುವುದು ಆ ಕಾಲದ ಮಳವಳ್ಳಿಯಲ್ಲಿ ಆಗದ ಮಾತು. ಸ್ಕೂಲ್ ಬ್ಯಾಗಿನಲ್ಲಿ ಗಣಿತದ ಪುಸ್ತಕದ ಪಕ್ಕ ಸಾಯಿಸುತೆ ಬರುತ್ತಿದ್ದರು, ಅಕ್ಕಿ ಡಬ್ಬದ ಹಿಂದಕ್ಕೆ ಹೋಗುತ್ತಿದ್ದರು. ಮಧ್ಯಾಹ್ನ ಅತ್ತೆ ಕಣ್ಣು ಮುಚ್ಚಿದ ಮೇಲೆ ಹೊರಬರುತ್ತಿದ್ದರು. ಆದರೆ ಪುಸ್ತಕ ಬಚ್ಚಿಡುವುದಕ್ಕೆ ಸುಲಭದ ವಸ್ತುವಲ್ಲ. ಅದಕ್ಕೆ ದಪ್ಪವಿದೆ, ವಾಸನೆಯಿದೆ. ಅತ್ತೆ ಎದ್ದು ಬಂದರೆ ಸೆರಗಿನೊಳಗೆ ಅದರ ಮೂಲೆ ಚುಚ್ಚುತ್ತದೆ. ‘ಓದ್ಕಂಡು ಕೂತ್ರೆ ರಾಗಿ ಬೀಸೋರ್ಯಾರು?’ ಎಂಬ ಕೂಗು ಬೀದಿಗೆಲ್ಲ ಕೇಳುತ್ತಿತ್ತು. ಆ ಕೂಗಿನಿಂದ ಇನ್ನೊಂದು ಮನೆಯ ಸೊಸೆಗೆ, ಓಹೋ ಆ ಮನೆಯಲ್ಲಿ ಈಗ ಒಂದು ಪುಸ್ತಕವಿದೆ, ಸಾಯಂಕಾಲ ನೀರಿಗೆ ಹೋದಾಗ ಕೇಳಬೇಕು ಎಂದು ತಿಳಿಯುತ್ತಿತ್ತು.

ನಮ್ಮ ಮನೆಯಲ್ಲಿ ಬೈಗುಳ ಇರಲಿಲ್ಲ. ಅದಕ್ಕೆ ಒಂದು ಕಾರಣ 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಅದಕ್ಕೆ ಹೋಗಿದ್ದರು. 48ನೇ ಸಮ್ಮೇಳನ, ಅಧ್ಯಕ್ಷರು ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ. 1915ರಿಂದ ನಡೆದುಬಂದ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆ. ಶಾಲೆಯಲ್ಲಿ ಓದಿದ್ದೆಲ್ಲ ಮರಾಠಿ, ಕನ್ನಡವನ್ನು ತಾವಾಗಿಯೇ ಕಲಿತು ‘ಸಿದ್ಧರಾಮ ಪುರಾಣ’ ಬರೆದವರು. ಅಪ್ಪ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಅಜ್ಜಿ, ‘ಹೆಂಗ್ಸು ಅಷ್ಟೊಂದ್ ಜನುದ್ ಮುಂದೆ ಕೂತಿದ್ಲಾ?’ ಎಂದು ಎರಡು ಸಲ ಕೇಳಿದಳು. ಆಮೇಲೆ ನಾನು ಪುಸ್ತಕ ಹಿಡಿದಾಗಲೆಲ್ಲ ‘ಓದ್ಲಿ ಬುಡು, ಅಧ್ಯಕ್ಷೆ ಆಯ್ತಾಳೆ’ ಎನ್ನುತ್ತಿದ್ದಳು. ಅರ್ಧ ಗೇಲಿ, ಅರ್ಧ ಅಪ್ಪಣೆ.

ಅಜ್ಜಿಗೆ ಅಕ್ಷರ ಬಾರದು. ಕತೆ ಮಾತ್ರ ನಮಗೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರ ನಮ್ಮ ತಾಲ್ಲೂಕಿನದೇ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವುದನ್ನು ಕೇಳಿಕೊಂಡು ಬೆಳೆದವಳು. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷಕ್ಕೆ ಹೋಗುವ ಭಾಗ ಬಂದರೆ, ಹಲಗೂರು ಪಕ್ಕದಲ್ಲೇ ಇದೆ ಎಂಬಂತೆ (ಇತ್ತು ಕೂಡ) ಕತ್ತೆತ್ತಿ ಆ ದಿಕ್ಕು ನೋಡುತ್ತಿದ್ದಳು. ಅಂಥವಳಿಗೆ ನಾನು ರಾತ್ರಿ ಊಟವಾದ ಮೇಲೆ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅವ್ವ, ಪಕ್ಕದ ಮನೆಯ ಇಬ್ಬರು, ಒಲೆಯ ಹತ್ತಿರ ಬೆಕ್ಕು. ಅರ್ಧ ಪುಸ್ತಕ ಆಗುವುದರೊಳಗೆ ಅಜ್ಜಿ ಕೊಲೆಗಾರನನ್ನು ಹಿಡಿದುಬಿಡುತ್ತಿದ್ದಳು. ‘ಆ ಅಡುಗೆಯೋನು ಕಣ್ ಮಗ. ಅಷ್ಟೊತ್ತಿಂದ ಮನೇಲವ್ನೆ, ಯಾರೂ ಅವನ್ನ ಮಾತಾಡುಸ್ನಿಲ್ವಲ್ಲ.’

ಬಾಡಿಗೆ ಪುಸ್ತಕದ ದೊಡ್ಡ ಕಾಟವೆಂದರೆ ಕೊನೆಯ ಹಾಳೆ ಹರಿದಿರುವುದು. ಕೊಲೆ ಪುಸ್ತಕದಲ್ಲಂತೂ ಅದೇ ಹಾಳೆ ಮಾಯ. ನಮ್ಮ ಮನೆಯಲ್ಲಿ ಅದು ಕಾಟವಾಗಲಿಲ್ಲ. ‘ನಿಲ್ಸು, ಮಿಕ್ಕಿದ್ದ ನಾನ್ ಯೋಳ್ತೀನಿ’ ಎಂದು ಅಜ್ಜಿ ಮುಗಿಸುತ್ತಿದ್ದಳು. ಒಂದು ಸಲ ಅವಳು ಹಾಗೆ ಮುಗಿಸಿದ ಕಾದಂಬರಿಯೊಂದರ ಪೂರ್ತಿ ಪ್ರತಿ ಎಲ್ಲಿಂದಲೋ ಸಿಕ್ಕಿತು. ಅದರ ಕೊನೆ ಅಜ್ಜಿ ಹೇಳಿದ್ದಕ್ಕಿಂತ ಸಪ್ಪೆಯಾಗಿತ್ತು. ಅವಳಿಗೆ ಓದಿ ಹೇಳಿದೆ. ‘ಪಾಪ, ಬರೆಯೋನ್ಗೂ ನಿದ್ದೆ ಬಂದಿತ್ತೇನೋ’ ಎಂದಳು.

ಪದವಿಗೆಂದು ಮಂಡ್ಯಕ್ಕೆ ಬಂದೆ. ಕಬ್ಬು ಅರೆಯುವ ತಿಂಗಳುಗಳಲ್ಲಿ ಮೈಷುಗರ್ ಕಾರ್ಖಾನೆಯ ಕಾಕಂಬಿಯ ವಾಸನೆ ಹಾಸ್ಟೆಲಿನ ಕಿಟಕಿಯವರೆಗೆ ಬರುತ್ತಿತ್ತು. ಮಂಡ್ಯದಲ್ಲಿ ನನಗೆ ಸಿಕ್ಕಿದ್ದು ಬಾಡಿಗೆ ಇಲ್ಲದ ಪುಸ್ತಕಗಳು: ಕೇಂದ್ರ ಗ್ರಂಥಾಲಯ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ನಾವು ಕಟ್ಟುವ ಮನೆಗಂದಾಯದ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಎಂಬುದು ಆ ಕಾಯ್ದೆಯಿಂದ ಬಂದದ್ದು. ಆಗ ನನಗಿದು ಗೊತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಇಷ್ಟು ಪುಸ್ತಕ ಇಟ್ಟಿದ್ದಾರೆ ಎಂದುಕೊಂಡಿದ್ದೆ. ಆ ಪುಣ್ಯಾತ್ಮರಲ್ಲಿ ಮಳವಳ್ಳಿಯ ಹೆಂಚಿನ ಮನೆಗೆ ಕಂದಾಯ ಕಟ್ಟುತ್ತಿದ್ದ ನಮ್ಮಪ್ಪನೂ ಒಬ್ಬನೆಂದು ಆಮೇಲೆ ತಿಳಿಯಿತು.

ಅಲ್ಲಿ ಒಂದು ಮಧ್ಯಾಹ್ನ ಬೆಸಗರಹಳ್ಳಿ ರಾಮಣ್ಣನವರ ಕತೆಗಳು ಕೈಗೆ ಬಂದವು. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯವರು, ವೃತ್ತಿಯಿಂದ ಡಾಕ್ಟರು. ಅಲ್ಲಿಯವರೆಗೆ ನಾನು ಓದಿದ ಕಾದಂಬರಿಗಳಲ್ಲಿ ಎಲ್ಲರೂ ಮೈಸೂರಿನ ಅಗ್ರಹಾರದವರಂತೆ ಮಾತಾಡುತ್ತಿದ್ದರು, ಕೂಲಿಯವನೂ, ಕಳ್ಳನೂ. ಇಲ್ಲಿ ನೋಡಿದರೆ ಅಜ್ಜಿಯ ನಾಲಿಗೆ ಅಚ್ಚಾಗಿದೆ. ಹಾಸ್ಟೆಲಿನಲ್ಲಿ ‘ಹ’ಕಾರ ಬಿಟ್ಟು ಮಾತಾಡುತ್ತೇನೆಂದು ಬೆಂಗಳೂರಿನ ಹುಡುಗಿಯರು ನಗುತ್ತಿದ್ದ ದಿನಗಳವು. ನಾನು ಆ ಪುಸ್ತಕವನ್ನು ಹಾಸ್ಟೆಲಿಗೆ ತಂದು, ನಕ್ಕವರ ಮಂಚದ ಮೇಲೆ ಕೂತು, ಮಂಡ್ಯದ ರಾಗದಲ್ಲೇ ಗಟ್ಟಿಯಾಗಿ ಓದಿದೆ. ಯಾರೂ ನಗಲಿಲ್ಲ. ಓದಿದ ಕತೆ ನಗುವಂಥದ್ದೂ ಆಗಿರಲಿಲ್ಲ. ಅದಾದ ಮೇಲೆ ದೇವನೂರರ ‘ಕುಸುಮಬಾಲೆ’ ಬಂತು, 1984ರಲ್ಲಿ. ಅದನ್ನು ಓದಲು ಬೆಂಗಳೂರಿನ ಆ ಹುಡುಗಿಯರೇ ನನ್ನನ್ನು ಹುಡುಕಿಕೊಂಡು ಬಂದರು, ಅರ್ಥ ಹೇಳು ಎಂದು.

ಮದುವೆ ಮದ್ದೂರಿಗೆ ಆಯಿತು. ಕೆಲಸ ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ. ನಿವೃತ್ತಿಯವರೆಗೂ ಸೀಸನ್ ಪಾಸು. ನನ್ನ ಓದಿನ ದೊಡ್ಡ ಭಾಗ ನಡೆದದ್ದು ಮನೆಯಲ್ಲೂ ಅಲ್ಲ, ಗ್ರಂಥಾಲಯದಲ್ಲೂ ಅಲ್ಲ, ಮದ್ದೂರು–ಬೆಂಗಳೂರು ನಡುವಿನ ಲೇಡೀಸ್ ಬೋಗಿಯಲ್ಲಿ. ಆ ಬೋಗಿಯನ್ನು ನೋಡದವರಿಗೆ ವಿವರಿಸುವುದು ಕಷ್ಟ. ಒಬ್ಬಳು ಅವರೆಕಾಯಿ ಸುಲಿಯುತ್ತಾಳೆ, ಒಬ್ಬಳು ಕನಕಾಂಬರ ಕಟ್ಟುತ್ತಾಳೆ, ಒಬ್ಬಳು ನಿನ್ನೆ ಉಳಿಸಿದ ಕಡತದ ಟಿಪ್ಪಣಿ ಬರೆಯುತ್ತಾಳೆ. ಮದ್ದೂರು ವಡೆಯವನು ಕೂಗುತ್ತ ಹೋಗುತ್ತಾನೆ. ಊರಿನವರಾದ ನಾವು ಅದನ್ನು ಕೊಳ್ಳುತ್ತಿರಲಿಲ್ಲ, ಮೈಸೂರಿನಿಂದ ಬಂದವರು ಕೊಳ್ಳುತ್ತಿದ್ದರು. ಇಷ್ಟರ ನಡುವೆ ಪುಸ್ತಕಗಳು. ದಿನಪತ್ರಿಕೆಯೊಂದು ಮಂಡ್ಯದಲ್ಲಿ ಹತ್ತಿದವರ ಕೈಯಲ್ಲಿ ಇಡಿಯಾಗಿ ಇರುತ್ತಿತ್ತು, ಚನ್ನಪಟ್ಟಣ ದಾಟುವಾಗ ನಾಲ್ಕು ಹಾಳೆಗಳಾಗಿ ನಾಲ್ಕು ಸೀಟಿನಲ್ಲಿರುತ್ತಿತ್ತು, ಕೆಂಗೇರಿಯಲ್ಲಿ ಯಾರದೋ ಟಿಫನ್ ಬಾಕ್ಸಿನ ಕೆಳಗಿರುತ್ತಿತ್ತು. ‘ಸುಧಾ’, ‘ತರಂಗ’ಗಳಿಗೆ ಪಾಳಿ. ಧಾರಾವಾಹಿಯ ಕಂತು ಮೊದಲು ಓದಿದವಳು ಬಾಯಿ ಬಿಡಬಾರದು ಎಂಬುದು ಕಟ್ಟುನಿಟ್ಟು. ಬಾಯಿ ಬಿಟ್ಟ ಒಬ್ಬಳನ್ನು ಒಂದು ವಾರ ಕಿಟಕಿ ಪಕ್ಕ ಕೂರಲು ಬಿಡಲಿಲ್ಲ.

ಜೋಡಿ ಹಳಿ ಇಲ್ಲದ ಕಾಲ. ಕ್ರಾಸಿಂಗ್ ಎಂದು ಶೆಟ್ಟಿಹಳ್ಳಿಯಲ್ಲೋ ಬಿಡದಿಯಲ್ಲೋ ಗಾಡಿ ನಿಂತರೆ ಇಪ್ಪತ್ತು ನಿಮಿಷಕ್ಕೆ ಮೋಸವಿಲ್ಲ. ಗಂಡಸರ ಬೋಗಿಯಿಂದ ರೈಲ್ವೆಯವರಿಗೆ ಬೈಗುಳ ಕೇಳುತ್ತಿತ್ತು. ನಮ್ಮಲ್ಲಿ ಕೆಲವರಿಗೆ ಅದು ಒಂದು ಅಧ್ಯಾಯ ಮುಗಿಸುವ ಸಮಯ. ಆಮೇಲೆ ಜೋಡಿ ಹಳಿಯಾಯಿತು, ವಿದ್ಯುತ್ ಗಾಡಿ ಬಂತು, ಬೇಗ ಮನೆ ಸೇರಿದೆವು. ಬೇಗ ಸೇರಿ ಏನು ಮಾಡಿದೆವು ಎಂದರೆ ಟಿವಿ ನೋಡಿದೆವು.

ಟಿವಿಯ ಮಾತನ್ನು ಇಲ್ಲೇ ಆಡಿಬಿಡುತ್ತೇನೆ. ಪುಸ್ತಕ ಓದುವುದು ನಿಂತದ್ದಕ್ಕೆ ಈಗ ಎಲ್ಲರೂ ಮೊಬೈಲನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಮಳವಳ್ಳಿಯ ಆ ಬಾಡಿಗೆ ಕಾದಂಬರಿಯ ಕಪಾಟನ್ನು ಖಾಲಿ ಮಾಡಿದ್ದು ಮೊಬೈಲಲ್ಲ. ಮೊದಲು ಭಾನುವಾರದ ‘ರಾಮಾಯಣ’, ‘ಮಹಾಭಾರತ’. ಅವು ವಾರಕ್ಕೊಂದು ಬೆಳಿಗ್ಗೆಯನ್ನು ಮಾತ್ರ ತಿಂದವು. 1994ರಲ್ಲಿ ಉದಯ ಟಿವಿ ಶುರುವಾದ ಮೇಲೆ ಸಂಜೆಗಳೂ ಹೋದವು. ಅಕ್ಕಿ ಡಬ್ಬದ ಹಿಂದೆ ಪುಸ್ತಕ ಬಚ್ಚಿಡುತ್ತಿದ್ದ ಸೊಸೆಯರು ಅಷ್ಟರಲ್ಲಿ ಅತ್ತೆಯರಾಗಿದ್ದರು. ಸಾಯಿಸುತೆಯವರ ಲೋಕವನ್ನೇ ಕಣ್ಣ ಮುಂದೆ ತಂದು ಇಡುವ ಪೆಟ್ಟಿಗೆ ಬಂದಮೇಲೆ ಅಕ್ಷರ ಕೂಡಿಸುವ ಕಷ್ಟವೇಕೆ? ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ದ ಸಮಯಕ್ಕೆ ಮದ್ದೂರಿನ ನಮ್ಮ ಬೀದಿಯಲ್ಲಿ ನಲ್ಲಿ ನೀರು ಬಂದರೂ ಹಿಡಿಯುವವರಿರಲಿಲ್ಲ. ನಾನೂ ನೋಡಿದೆ, ಬಾಯಿ ಬಿಟ್ಟುಕೊಂಡು ನೋಡಿದೆ. ಅದರ ಬಗ್ಗೆ ನನಗೇನೂ ಬೇಸರವಿಲ್ಲ. ಸೈಕಲ್ ಶಾಪಿನವನು ಕಾದಂಬರಿಗಳನ್ನು ತೂಕಕ್ಕೆ ಹಾಕಿ ವಿಡಿಯೋ ಕ್ಯಾಸೆಟ್ಟು ಇಟ್ಟನಂತೆ. ಆಮೇಲೆ ಅದನ್ನೂ ತೆಗೆದು ಕರೆನ್ಸಿ ರೀಚಾರ್ಜ್ ಮಾಡತೊಡಗಿದ.

ಹೀಗೆ ಮನೆಯಲ್ಲಿ ಓದು ಕರಗಿದ ಮೇಲೂ ರೈಲಿನಲ್ಲಿ ಉಳಿದಿತ್ತು, ಅಲ್ಲಿ ಟಿವಿ ಇರಲಿಲ್ಲವಲ್ಲ. 2007 ನಮ್ಮ ಬೋಗಿಯ ದೊಡ್ಡ ವರ್ಷ. ಭೈರಪ್ಪನವರ ‘ಆವರಣ’ ಬಂತು. ಮುದ್ರಣದ ಮೇಲೆ ಮುದ್ರಣ ಆಗುತ್ತಿದ್ದರೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಯಾರೋ ತಂದ ಒಂದೇ ಪ್ರತಿಯ ಮೊದಲ ಪುಟದಲ್ಲಿ ಓದುವವರ ಹೆಸರುಗಳನ್ನು ಸರದಿಯಂತೆ ಬರೆದಿಟ್ಟಿದ್ದರು. ಅದನ್ನು ಓದಿ ಬೋಗಿ ಎರಡು ಪಂಗಡವಾಯಿತು. ರಾಮನಗರದಲ್ಲಿ ಹತ್ತುತ್ತಿದ್ದ ಒಬ್ಬ ಮೇಡಂ, ನಮ್ಮ ಜೊತೆಗೇ ಬರುತ್ತಿದ್ದ ಮುಸ್ಲಿಂ ಗೆಳತಿಯ ಮುಂದೆ ಆ ಪುಸ್ತಕದ ಮಾತೆತ್ತಲು ಅಳುಕುತ್ತಿದ್ದರು. ಗೆಳತಿಯೇ ಒಂದು ದಿನ ‘ನನ್ ಹೆಸ್ರೂ ಬರೀರಿ, ಓದ್ತೀನಿ’ ಎಂದಳು. ಓದಿದಳು. ಆಮೇಲೆ ಚನ್ನಪಟ್ಟಣದಿಂದ ಬೆಂಗಳೂರಿನವರೆಗೆ ಅವಳು ಆಡಿದ ವಿಮರ್ಶೆಯ ಮಟ್ಟದ್ದನ್ನು ನಾನು ಯಾವ ಸಾಪ್ತಾಹಿಕ ಪುರವಣಿಯಲ್ಲೂ ನೋಡಲಿಲ್ಲ. ಸಿಟ್ಟೂ ಇತ್ತು, ಮರ್ಯಾದೆಯೂ ಇತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ತೇಜಸ್ವಿ ಹೋದರು. ಮರುದಿನದಿಂದ ಎತ್ತ ನೋಡಿದರೂ ‘ಕರ್ವಾಲೊ’. ಮಾತಾಡದೇ ಇದ್ದವರ ತೊಡೆಯ ಮೇಲೂ ಅದೇ. ಆ ಪುಸ್ತಕದ ಮುಖಪುಟ ಕಂಡದ್ದರಿಂದಲೇ ನಾನು ಮೊದಲ ಸಲ ಮಾತಾಡಿಸಿದ ಒಬ್ಬ ಹೆಂಗಸು ಮುಂದೆ ನನ್ನ ಮಗಳ ಮದುವೆಗೆ ಸೋಬಾನೆ ಹಾಡಿದಳು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಮೊದಲು ಕೆಲವು ತಿಂಗಳು ಡೇಟಾ ಪುಕ್ಕಟೆ. ಬದಲಾವಣೆ ಎಷ್ಟು ಬೇಗ ಆಯಿತೆಂದರೆ, ಆ ಚಳಿಗಾಲ ಕಳೆಯುವುದರೊಳಗೆ ಬೋಗಿಯ ಸದ್ದೇ ಬೇರೆಯಾಗಿತ್ತು. ಮೊದಮೊದಲು ಎಲ್ಲರ ಫೋನೂ ಒಟ್ಟಿಗೆ ಕೂಗುತ್ತಿತ್ತು. ಆಮೇಲೆ ಕಿವಿಗೆ ತಂತಿ ಸಿಕ್ಕಿಸಿಕೊಂಡು ಎಲ್ಲರೂ ಸುಮ್ಮನಾದರು. 2020ರ ಮಾರ್ಚಿನಲ್ಲಿ ಕೊರೊನಾಕ್ಕೆ ರೈಲು ನಿಂತಿತು. ಮತ್ತೆ ಓಡಾಡತೊಡಗಿದಾಗ ಪತ್ರಿಕೆಯನ್ನು ಕೈಯಿಂದ ಕೈಗೆ ಕೊಡುವುದಕ್ಕೆ ಜನ ಹೆದರಿದರು. ಹೆದರಿಕೆ ಹೋದಮೇಲೂ ಪತ್ರಿಕೆ ಬರಲಿಲ್ಲ.

ಇದನ್ನು ‘ಓದು ಸತ್ತಿತು’ ಎಂದು ಬರೆದುಬಿಡುವುದು ಸುಲಭ. ನನ್ನ ವಾರಿಗೆಯವರು ಭಾಷಣಗಳಲ್ಲಿ ಹಾಗೆಯೇ ಅನ್ನುತ್ತಾರೆ. ಅವರು ಹೇಳುವ ಆ ಬಂಗಾರದ ಕಾಲದಲ್ಲಿ ನಮ್ಮ ಜಿಲ್ಲೆಯ ಅರ್ಧ ಜನಕ್ಕೆ ಓದಲು ಬರುತ್ತಲೇ ಇರಲಿಲ್ಲ. 1991ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಸಾಕ್ಷರತೆ ನೂರಕ್ಕೆ 48, 2011ಕ್ಕೆ 70. ನಮ್ಮ ಅಜ್ಜಿ, ಅವ್ವ, ನೀರಿಗೆ ಬರುತ್ತಿದ್ದ ಹೆಂಗಸರಲ್ಲಿ ಹೆಚ್ಚಿನವರು ಆ 48ರ ಆಚೆಗಿದ್ದವರು. ಈಗ ಅವರ ಮೊಮ್ಮಕ್ಕಳು ದಿನವಿಡೀ ಅಕ್ಷರದ ಮೇಲೆ ಬೆರಳಾಡಿಸುತ್ತಾರೆ. ವಾಟ್ಸಾಪಿನಲ್ಲಿ ಕುವೆಂಪು ಬರೆಯದ ಕವಿತೆಯನ್ನು ಕುವೆಂಪು ಹೆಸರಲ್ಲಿ ಓದುತ್ತಾರೆ ಎಂಬ ಸಂಕಟ ನನಗೂ ಇದೆ. ಆದರೂ ಅದು ಓದೇ. ಇನ್ನು ಅವ್ವನ ವಿಷಯ. ಹೆಸರಿಗಷ್ಟು ಸಹಿ ಮಾಡುತ್ತಿದ್ದ ಅವ್ವ ಕೊನೆಯ ವರ್ಷಗಳಲ್ಲಿ ಮೊಮ್ಮಗನ ಹಳೆ ಫೋನು ಇಟ್ಟುಕೊಂಡು ಮಳವಳ್ಳಿ ಮಹದೇವಸ್ವಾಮಿಯವರ ಮಾದಪ್ಪನ ಕತೆಯನ್ನು ಯೂಟ್ಯೂಬಿನಲ್ಲಿ ಕೇಳುತ್ತಿದ್ದಳು. ಮೈಕಿನ ಗುರುತು ಒತ್ತಿ ‘ಮಾದೇಸ್ವರ’ ಎಂದರೆ ಸಾಕು. ಒಂದು ಕಾಲಕ್ಕೆ ಅವಳಿಗೆ ಕತೆ ಕೇಳಬೇಕಾದರೆ ನನ್ನ ಬಿಡುವು ಕಾಯಬೇಕಿತ್ತು, ಇಲ್ಲವೇ ಕ್ಯಾಸೆಟ್ಟು ಹಾಕಿಕೊಡುವವರನ್ನು ಕಾಡಬೇಕಿತ್ತು. ಈಗ ಯಾರ ಹಂಗೂ ಇರಲಿಲ್ಲ. ಅವಳ ಕೈಯಿಂದ ಆ ಫೋನು ಕಿತ್ತು ಪುಸ್ತಕ ಕೊಡಿ ಎನ್ನುವವರು ಅವಳಿಗೆ ಅಕ್ಷರ ಕಲಿಸಲು ಯಾರೂ ಬಾರದಿದ್ದ ಕಾಲದಲ್ಲಿ ಎಲ್ಲಿದ್ದರು?

ಗ್ರಂಥಾಲಯಗಳೂ ಖಾಲಿ ಹೊಡೆಯುತ್ತಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಹುಡುಗ ಹುಡುಗಿಯರು ಬ್ಯಾಗು ಇಟ್ಟು ಜಾಗ ಹಿಡಿಯುತ್ತಾರೆ. ಪಿಡಿಒ, ಪೊಲೀಸ್, ಎಫ್‌ಡಿಎ ಪರೀಕ್ಷೆಯ ಗೈಡುಗಳು. ಕಾದಂಬರಿಯ ಕಪಾಟಿಗೆ ಅವರು ಬೆನ್ನು ಮಾಡಿ ಕೂರುವುದನ್ನು ನೋಡಿ ನನ್ನ ಹಳೆಯ ಗೆಳತಿಯೊಬ್ಬಳು ನಿಟ್ಟುಸಿರು ಬಿಟ್ಟಳು. ನಾನು ಬಿಡಲಿಲ್ಲ. ಕಬ್ಬಿನ ಬಾಕಿ ಬಾರದ ಮನೆಯಿಂದ ಬಂದ ಹುಡುಗಿ ಮೊದಲು ಕೆಲಸ ಹಿಡಿಯಲಿ. ‘ಮಲೆಗಳಲ್ಲಿ ಮದುಮಗಳು’ ಓಡಿಹೋಗುವುದಿಲ್ಲ. ಹಳ್ಳಿಗಳ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಹೋದವು. ಮುಂದಿನ ವರ್ಷ ಶಾಲೆಗಳು ಮುಚ್ಚಿದ್ದಾಗ ‘ಓದುವ ಬೆಳಕು’ ಎಂದು ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಈಗ ಅವುಗಳ ಹೆಸರು ಅರಿವು ಕೇಂದ್ರ. ಕೆಲವು ಕಡೆ ಗೋಡೆಗೆ ಬಣ್ಣದ ಚಿತ್ರ ಬರೆಸಿ, ಕಂಪ್ಯೂಟರ್ ಇಟ್ಟು, ನಿಜಕ್ಕೂ ಮಕ್ಕಳು ಕೂರುವಂತೆ ಮಾಡಿದ್ದಾರೆ. ಕೆಲವು ಕಡೆ ಬೀಗ. ಎಲ್ಲವೂ ಅಲ್ಲಿನ ಮೇಲ್ವಿಚಾರಕರ ಆಸಕ್ತಿಯ ಮೇಲೆ ನಿಂತಿದೆ, ಅವರ ಆಸಕ್ತಿ ಅವರಿಗೆ ಸಿಗುವ ಸಂಬಳದ ಮೇಲೆ.

ಪುಸ್ತಕದ ರಾಶಿ ನೋಡಬೇಕೆನ್ನುವವರು ಪಾಂಡವಪುರದ ಹತ್ತಿರದ ಹರಳಹಳ್ಳಿಗೆ ಹೋಗಬೇಕು. ಬಸ್ ಕಂಡಕ್ಟರಾಗಿದ್ದು ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ತಮ್ಮ ದುಡಿಮೆಯನ್ನೆಲ್ಲ ಸುರಿದು, ಸೈಟು ಮಾರಿ ಕಟ್ಟಿದ ‘ಪುಸ್ತಕ ಮನೆ’ ಅಲ್ಲಿದೆ. ಇಪ್ಪತ್ತು ಲಕ್ಷ ಎನ್ನುತ್ತಾರೆ. ಎಣಿಸಲು ಯಾರಿಂದಲೂ ಆಗದು. ಕಪಾಟು ತುಂಬಿ, ನೆಲ ತುಂಬಿ, ಮೂಟೆಗಳಲ್ಲಿ ಉಳಿದು, ಕಾಲಿಡಲು ಜಾಗ ಹುಡುಕಬೇಕು. ಪ್ರವೇಶಕ್ಕೆ ಕಾಸಿಲ್ಲ. ನಾನು ಅಲ್ಲಿ ನೆಲದ ಮೇಲೆ ಕೂತು ಒಂದು ರಾಶಿ ಕೆದಕಿದಾಗ, ಖಾಕಿ ರಟ್ಟಿನ, ಯಾವುದೋ ಊರಿನ ಸರ್ಕ್ಯುಲೇಟಿಂಗ್ ಲೈಬ್ರರಿಯ ಮುದ್ರೆಯಿರುವ ಕಾದಂಬರಿಗಳು ಸಿಕ್ಕವು. ನಮ್ಮ ಜಿಲ್ಲೆಯ ಅತಿ ದೊಡ್ಡ ಪುಸ್ತಕ ಸಂಗ್ರಹವನ್ನು ಕಟ್ಟಿದ್ದು ವಿಶ್ವವಿದ್ಯಾಲಯವಲ್ಲ, ಸಾಹಿತಿಯಲ್ಲ, ಕಂಡಕ್ಟರು. ಈ ವಿಷಯವನ್ನು ನಾನು ಬಂದವರಿಗೆಲ್ಲ ಹೇಳುತ್ತೇನೆ, ಸ್ವಲ್ಪ ಜಂಬದಿಂದಲೇ.

ಹಾಗಾದರೆ ಹೋದದ್ದು ಯಾವುದು? ನನಗೆ ತೋರುವುದಿಷ್ಟು. ಓದು ಎಷ್ಟು ಕಮ್ಮಿಯಾಗಿದೆಯೋ ನಾನು ಅಳೆಯಲಾರೆ, ಏಕೆಂದರೆ ಅದು ಕಣ್ಣಿಗೆ ಕಾಣುವುದು ನಿಂತುಹೋಗಿದೆ. ನಿವೃತ್ತಿಗೆ ಕೆಲವು ತಿಂಗಳ ಮುಂಚೆ ರೈಲಿನಲ್ಲಿ ಎದುರು ಕೂತ ಹುಡುಗಿಯೊಬ್ಬಳು ಫೋನು ನೋಡುತ್ತ ನೋಡುತ್ತ ಕಣ್ಣೊರೆಸಿಕೊಂಡಳು. ಓದುತ್ತಿದ್ದಳು, ಅದು ಕಣ್ಣಿನ ಓಟದಿಂದಲೇ ಗೊತ್ತಾಗುತ್ತಿತ್ತು. ಏನು ಓದುತ್ತಿದ್ದೀಯವ್ವ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಕೇಳಲಿಲ್ಲ. ಪುಸ್ತಕ ಹಿಡಿದವಳನ್ನು ಕೇಳಬಹುದು, ಅದರ ಮುಖಪುಟವೇ ಮಾತಿಗೆ ಕರೆಯುತ್ತದೆ. ಫೋನಿನಲ್ಲಿ ಏನು ನೋಡುತ್ತಿದ್ದೀಯ ಎಂದು ಅಪರಿಚಿತರನ್ನು ಕೇಳುವುದು ಅಧಿಕಪ್ರಸಂಗ. ಅವಳು ಅತ್ತದ್ದು ಸಾಯಿಸುತೆಗೋ, ಚೆಕಾವ್‌ಗೋ, ಯಾವನೋ ಹುಡುಗ ಕಳಿಸಿದ ಮೆಸೇಜಿಗೋ. ನನಗೆ ಕಂಡದ್ದು ಫೋನಿನ ಬೆನ್ನು ಮಾತ್ರ, ಅದರ ಮೇಲೆ ಮಿಕ್ಕಿ ಮೌಸ್.

ಅತ್ತೆಯಂದಿರಿಗೂ ಕಂಡದ್ದು ಅದೇ ಬೆನ್ನು ಎಂಬುದನ್ನು ಮರೆಯಬಾರದು. ಇದು ನನಗೆ ಹೊಳೆದದ್ದು ಅಣ್ಣನ ಮಗಳಿಂದ. ಅವಳನ್ನೂ ಮದ್ದೂರಿಗೇ ಕೊಟ್ಟಿದೆ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಬಿ.ಕಾಂ. ಓದಿದ್ದಾಳೆ, ಎರಡು ಮಕ್ಕಳು, ಮನೆಯಲ್ಲಿ ಹಸು. ಅವಳು ಪ್ರತಿಲಿಪಿ ಎಂಬ ಆ್ಯಪಿನಲ್ಲಿ ಕಾದಂಬರಿ ಓದುತ್ತಾಳೆ. ದಿನಕ್ಕೊಂದು ಕಂತು, ನಮ್ಮ ‘ಸುಧಾ’ ಧಾರಾವಾಹಿಗಿಂತ ಬಿರುಸು. ಹಾಲು ಕರೆಯುವಾಗ ಫೋನು ಗೂಡಿನಲ್ಲಿ ಆನಿಸಿಟ್ಟಿರುತ್ತಾಳಂತೆ. ‘ನಿಮ್ಮತ್ತೆ ಏನೂ ಅನ್ನಲ್ವಾ?’ ಎಂದೆ. ‘ಅವ್ರಿಗೇನ್ ಗೊತ್ತಾಯ್ತದೆ ಅತ್ತೆ? ಹಾಲಿನ ಡೈರಿ ಲೆಕ್ಕ ನೋಡ್ತಾವ್ಳೆ ಅನ್ಕಂಡವ್ರೆ.’ ಅಕ್ಕಿ ಡಬ್ಬದ ಹಿಂದೆ ಕೈ ಹಾಕುತ್ತಿದ್ದ ನಮ್ಮ ಬೀದಿಯ ಸೊಸೆಯರಿಗೆ ಇಂಥದ್ದೊಂದು ಸಿಕ್ಕಿದ್ದರೆ ನನ್ನ ಸಾಗಾಣಿಕೆಯ ಕೆಲಸವೇ ಹೋಗುತ್ತಿತ್ತು. ಆದರೆ ಅವರಲ್ಲಿ ಒಬ್ಬಳು ಓದುತ್ತಾಳೆಂದು ಇನ್ನೊಬ್ಬಳಿಗೆ ತಿಳಿಯುತ್ತಲೂ ಇರಲಿಲ್ಲ. ಅಣ್ಣನ ಮಗಳ ಪಕ್ಕದ ಮನೆಯವಳೂ ಅದೇ ಕತೆ ಓದುತ್ತಿರಬಹುದು. ಇಬ್ಬರ ನಡುವೆ ಒಂದೇ ಗೋಡೆ, ವರ್ಷವಾದರೂ ಗೊತ್ತಾಗಿರಲಿಕ್ಕಿಲ್ಲ.

2024ರ ಡಿಸೆಂಬರಿನಲ್ಲಿ ಸಮ್ಮೇಳನ ಮತ್ತೆ ಮಂಡ್ಯಕ್ಕೆ ಬಂತು, ಮೂರನೆಯ ಸಲ. ನಡುವಿನದು 1994ರಲ್ಲಿ, ‘ವೈಶಾಖ’ದ ಚದುರಂಗರು ಅಧ್ಯಕ್ಷರಾಗಿದ್ದದ್ದು, ಅದಕ್ಕೆ ರಜೆ ಹಾಕಿ ಹೋಗಿ, ಎರಡು ಕೈಯಲ್ಲೂ ಹೊರಲಾರದಷ್ಟು ಪುಸ್ತಕ ತಂದಿದ್ದೆ. ಈ ಸಲ 87ನೆಯದು, 94ರ ವಯಸ್ಸಿನ ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರು. ಸಮ್ಮೇಳನಕ್ಕೆ ಮುಂಚಿನಿಂದಲೂ ಜಿಲ್ಲೆಯಲ್ಲಿ ನಡೆದ ಬಿಸಿ ಚರ್ಚೆ ಪುಸ್ತಕದ್ದಲ್ಲ, ಬಾಡೂಟದ್ದು: ಮುದ್ದೆ–ಬಾಡಿನ ನಾಡಿನಲ್ಲಿ ಬರೀ ಸೊಪ್ಪುಸಾರಿನ ಊಟವೇಕೆ ಎಂದು. ನಾನು ಬಾಡೂಟದ ಪಕ್ಷ. ಬೆಸಗರಹಳ್ಳಿ ರಾಮಣ್ಣ 1998ರಲ್ಲೇ ಹೋದರು. ಇದ್ದಿದ್ದರೆ ಇದರ ಮೇಲೆ ಒಂದು ಕತೆ ಬರೆಯುತ್ತಿದ್ದರು.

ಅಣ್ಣನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಪುಸ್ತಕ ಮಳಿಗೆಗಳಲ್ಲಿ ನುಗ್ಗಾಟ. ಜನ ಕೊಳ್ಳುತ್ತಿದ್ದರು, ಫೋಟೊ ತೆಗೆಸಿಕೊಳ್ಳುತ್ತಿದ್ದರು, ಕೆಲವರು ಎರಡನ್ನೂ ಮಾಡುತ್ತಿದ್ದರು. ನಾನು ಒಂದು ಮಳಿಗೆಯಲ್ಲಿ ಕತೆಗಳ ಪುಸ್ತಕ ತಿರುವುತ್ತಿದ್ದಾಗ ಇವಳು ಪ್ರಕಾಶಕರ ಹತ್ತಿರ ಏನೋ ಗುಸುಗುಸು ಮಾತಾಡುತ್ತಿದ್ದಳು. ಆಗ ಹೊರಬಿತ್ತು ವಿಷಯ. ಇವಳು ಓದುವುದಷ್ಟೇ ಅಲ್ಲ, ಎರಡು ವರ್ಷದಿಂದ ಬರೆಯುತ್ತಲೂ ಇದ್ದಾಳೆ. ಬೇರೆ ಹೆಸರಿನಲ್ಲಿ. ಮದ್ದೂರು ಕಡೆಯ ಮಾತಿನಲ್ಲೇ, ಒಂದು ಅತ್ತೆ–ಸೊಸೆ ಕತೆ, ನೂರು ದಾಟಿದ ಕಂತುಗಳು. ಹುಬ್ಬಳ್ಳಿ, ದುಬೈ ಎಲ್ಲೆಲ್ಲಿಂದಲೋ ಹೆಂಗಸರು ‘ಮುಂದಿನ ಭಾಗ ಯಾವಾಗ?’ ಎಂದು ಬರೆಯುತ್ತಾರೆ. ಗಂಡನಿಗೆ ಗೊತ್ತಿಲ್ಲ, ಅತ್ತೆಗಂತೂ ಗೊತ್ತಾಗುವ ಹಾಗೇ ಇಲ್ಲ, ಕತೆಯಲ್ಲಿರುವುದು ಅವರೇ.

ಅದನ್ನು ಪುಸ್ತಕ ಮಾಡಬೇಕೆಂದು ಆಸೆ. ಪ್ರಕಾಶಕರು ಒಳ್ಳೆಯವರೇ, ಕೇಳಿಸಿಕೊಂಡರು. ಈಗೆಲ್ಲ ಸಾವಿರ ಪ್ರತಿ ಹಾಕುವ ಕಾಲ ಹೋಯಿತಮ್ಮ, ಮೊದಲಿಗೆ ಮುನ್ನೂರು ಪ್ರತಿ ಹಾಕೋಣ, ಬೇಡಿಕೆ ನೋಡಿಕೊಂಡು ಆಮೇಲೆ ಅಚ್ಚು ಮಾಡಿಸಿದರಾಯಿತು ಎಂದರು. ಇವಳು ನನ್ನ ಕಡೆ ತಿರುಗಿದಳು.

‘ನನ್ ಕತೆ ಓದೋರೇ ಸಾವಿರಾರ್ ಜನ ಅವ್ರೆ ಅತ್ತೆ. ಮುನ್ನೂರು ಯಾರಿಗ್ ಸಾಲ್ತದೆ?’

‘ಓದೋರು ಬೇರೆ, ಕಾಸು ಕೊಟ್ಟು ತಗೊಳೋರು ಬೇರೆ ಕಣವ್ವ. ಮೊದ್ಲು ಮುನ್ನೂರು ಖರ್ಚಾಗ್ಲಿ.’

‘ಮತ್ತೆ ಹೆಸ್ರು?’

ಮುಖಪುಟದ ಮೇಲೆ ಹೆಸರು ಹಾಕಲೇಬೇಕು, ಹಿಂಬದಿಗೆ ಫೋಟೊ ಕೂಡ ಬೇಕು ಎಂದರು ಪ್ರಕಾಶಕರು. ಅವಳು ಯೋಚನೆಗೆ ಬಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಗೆಜ್ಜಲಗೆರೆಯವರೆಗೂ ಅದೇ ಮಾತು. ಫೋಟೊ ಬೇಡ ಅಂದ್ರೆ ಒಪ್ತಾರಾ, ಅತ್ತೆಯ ಪಾತ್ರಕ್ಕೆ ಮೂಗುತಿ ತೆಗೆಸಿದ್ರೆ ಗುರುತು ಸಿಗೋದು ತಪ್ತದಾ, ಊರು ಮದ್ದೂರು ಅಂತ ಇರೋದನ್ನ ಮಳವಳ್ಳಿ ಮಾಡ್ಲಾ ಎಂದು. ಮಳವಳ್ಳಿ ಮಾಡಬೇಡ, ಅಲ್ಲಿ ನಮ್ಮೋರೆಲ್ಲ ಅವ್ರೆ ಎಂದೆ.